ಸಮತೋಲನವೆಂಬ ಮಾತು

ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಹುದೇ ಎಂಬ ಪ್ರಶ್ನೆ ಹಳೆಯದಾಯಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗಲೇ ಅದಕ್ಕೆ ಉತ್ತರ ದೊರೆತಿತ್ತು. ಆಮೇಲೆ ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಬರೆದು, ಇನ್ನು ಆ ಪ್ರಶ್ನೆಯನ್ನು ಯಾರೂ ಎತ್ತದ ಹಾಗೆ ಮಾಡಿದರು. ಉಳಿದಿರುವ ಪ್ರಶ್ನೆ ಬೇರೆ. ಹೀಗೆ ಬರೆದದ್ದನ್ನು ನಾವು ಸಾಹಿತ್ಯವನ್ನು ಓದುವಷ್ಟು ಎಚ್ಚರದಿಂದ ಓದುತ್ತೇವೆಯೇ? ಕವನವೊಂದರಲ್ಲಿ ಒಂದು ಕ್ರಿಯಾಪದ ಹಳಿ ತಪ್ಪಿದರೆ ನಮ್ಮ ವಿಮರ್ಶಕರು ಎರಡು ಕಾಲಂ ಬರೆಯುತ್ತಾರೆ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಅದೇ ತಪ್ಪಾದರೆ ಸೊಲ್ಲೆತ್ತುವವರಿಲ್ಲ. ನಾನು ಈ ವಾರ ಬರೆಯಹೊರಟಿರುವುದು ಅಂಥ ಒಂದು ಕ್ರಿಯಾಪದವನ್ನು ಕುರಿತು.

ನನ್ನ ತಂಗಿಯ ಮನೆ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. 2015ರಲ್ಲಿ ಅಲ್ಲಿ ಕೆಂಪೇಗೌಡರ ವೀರಸಮಾಧಿ ಗುರುತಿಗೆ ಬಂದ ಮೇಲೆ ಆ ಊರಿನ ಹೆಸರು ಪೇಟೆಯವರ ಕಿವಿಗೂ ಬಿದ್ದಿದೆ; ಅದಕ್ಕೆ ಮೊದಲು ‘ಯಾವ ಕೆಂಪಾಪುರ?’ ಎಂದು ಕೇಳುತ್ತಿದ್ದರು. ತಂಗಿಯ ಮನೆಯವರದು ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ಸಾಕಣೆ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಈಗ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾಳೆ. ಅಲ್ಲಿ ಪಾಠ, ಪರೀಕ್ಷೆ ಎರಡೂ ಇಂಗ್ಲಿಷಿನಲ್ಲಿ. ಅರ್ಥವಾಗದೆ ಉಳಿದದ್ದನ್ನು ತಿಳಿಯಲು ಆಕೆ ಯಾರೋ ಕೊಟ್ಟ ಕನ್ನಡ ಟಿಪ್ಪಣಿ ಪುಸ್ತಕವೊಂದನ್ನು ಇಟ್ಟುಕೊಂಡಿದ್ದಾಳೆ. ಹೋದ ತಿಂಗಳು ನಾನು ಹೋಗಿದ್ದಾಗ ದ್ರವಕ್ಕೂ ಅದರ ಆವಿಗೂ ಇರುವ ಸಮತೋಲನದ ಪಾಠ ನಡೆದಿತ್ತು. ನಾನು ಕೇಳಿದೆ: ‘ಮುಚ್ಚಿದ ಪಾತ್ರೆಯಲ್ಲಿ ನೀರಿದೆ. ಬಹಳ ಹೊತ್ತಾಯಿತು. ಒಳಗೆ ಏನು ನಡೆಯುತ್ತಿದೆ?’

‘ಏನೂ ಇಲ್ಲ. ಸಮತೋಲನ ಬಂದಿದೆಯಲ್ಲ, ಆವಿಯಾಗುವುದು ನಿಂತಿದೆ’ ಎಂದಳು.

ಜಾಣ ಹುಡುಗಿ. ಬಾಯಿಪಾಠ ಮಾಡಿ ಹೇಳಿದ್ದಲ್ಲ, ಅರ್ಥಮಾಡಿಕೊಂಡೇ ಹೇಳಿದ್ದು. ನನಗೆ ಕಸಿವಿಸಿಯಾದದ್ದು ಅದಕ್ಕೇ. ಟಿಪ್ಪಣಿ ಪುಸ್ತಕವನ್ನು ತೆರೆಸಿ ನೋಡಿದೆ. ಆವಿಯಾಗುವುದು ನಿಲ್ಲುತ್ತದೆಂದು ಅಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬಾಷ್ಪೀಭವನದ ದರವೂ ಸಾಂದ್ರೀಕರಣದ ದರವೂ ಸಮವಾಗಿ ಸಂತೃಪ್ತ ಬಾಷ್ಪವು ಸಮತೋಲನವನ್ನು ಹೊಂದಿದೆ ಎಂಬರ್ಥದ, ತಪ್ಪೆಂದು ಯಾರೂ ಬೆರಳಿಡಲಾಗದ ವಾಕ್ಯವೊಂದಿತ್ತು. ತಪ್ಪಿಲ್ಲದ ವಾಕ್ಯದಿಂದ ಒಂದು ತಪ್ಪು ಅರ್ಥ ಹುಟ್ಟಿ ಆ ಹುಡುಗಿಯ ತಲೆಯಲ್ಲಿ ಕುಳಿತಿತ್ತು. ನನ್ನ ತಲೆಯಲ್ಲಿಯೂ ಅದು ಕಾಲೇಜಿನ ದಿನಗಳಿಂದ ಬಹಳ ವರ್ಷ ಕುಳಿತಿತ್ತೆಂಬುದನ್ನು ಒಪ್ಪಿಕೊಂಡುಬಿಡುತ್ತೇನೆ. ಇದು ಹೇಗಾಗುತ್ತದೆಂಬುದು ವಿಮರ್ಶಕನಿಗೆ ತಕ್ಕ ಪ್ರಶ್ನೆ.

ಮೊದಲು ಸಂಗತಿಯೇನೆಂದು ನೋಡೋಣ. ನೀರಿನ ಮೇಲ್ಮೈಯಿಂದ ಅಣುಗಳು ಸದಾ ಹೊರಕ್ಕೆ ಹಾರುತ್ತಿರುತ್ತವೆ. ಪಾತ್ರೆ ತೆರೆದಿದ್ದರೆ ಹೋದವು ಬಹುಮಟ್ಟಿಗೆ ಹೋದಂತೆಯೇ. ಮುಚ್ಚಿದ್ದರೆ ಹಾಗಲ್ಲ, ಹೊರಗೆ ಆವಿ ಹೆಚ್ಚಿದಂತೆಲ್ಲ ಅದರಲ್ಲಿ ಅಲೆಯುವ ಅಣುಗಳು ಮತ್ತೆ ನೀರಿಗೆ ಬಡಿದು ಒಳಸೇರುವುದೂ ಹೆಚ್ಚುತ್ತದೆ. ಒಂದು ಹಂತದಲ್ಲಿ ಹೋಗುವಷ್ಟೇ ಬರುತ್ತವೆ. ಆಗ ಆವಿಯ ಒತ್ತಡ ಹೆಚ್ಚುವುದೂ ಇಲ್ಲ, ಇಳಿಯುವುದೂ ಇಲ್ಲ. ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಈ ಒತ್ತಡ ಪಾದರಸದ 17.5 ಮಿಲಿಮೀಟರು, 30 ಡಿಗ್ರಿಗೆ 31.8. ಪಾತ್ರೆ ದೊಡ್ಡದೋ ಚಿಕ್ಕದೋ, ನೀರು ಒಂದು ಲೋಟವೋ ಒಂದು ಹಂಡೆಯೋ, ಅದರಿಂದ ವ್ಯತ್ಯಾಸವಿಲ್ಲ. ಸ್ವಲ್ಪವಾದರೂ ನೀರು ಉಳಿದಿದ್ದರೆ ಸಾಕು. ಹೊರಗೆ ಎಲ್ಲ ಶಾಂತ. ಒಳಗಿನ ಗದ್ದಲ ಎಷ್ಟೆಂದರೆ, 25 ಡಿಗ್ರಿಯಲ್ಲಿ ನೀರಿನ ಮೇಲ್ಮೈಯ ಪ್ರತಿ ಚದರ ಸೆಂಟಿಮೀಟರಿಗೂ ಸೆಕೆಂಡೊಂದಕ್ಕೆ ಬಂದು ಬಡಿಯುವ ಆವಿಯ ಅಣುಗಳ ಸಂಖ್ಯೆ ಒಂದರ ಮುಂದೆ 22 ಸೊನ್ನೆ ಇಟ್ಟಷ್ಟು. ಇಂಥ ಜಾತ್ರೆಯನ್ನು ‘ಏನೂ ನಡೆಯುತ್ತಿಲ್ಲ’ವೆಂದು ಹೇಳುವಂತಾದರೆ ತಪ್ಪು ನೀರಿನದಲ್ಲ.

ಈಗ ಆ ವಾಕ್ಯಕ್ಕೆ ಹಿಂತಿರುಗೋಣ. ಅದರ ಒಂದೊಂದು ಮಾತೂ ಬೇರೆ ಬೇರೆ ಕಡೆ ಎಳೆಯುತ್ತದೆ. ‘ಬಾಷ್ಪ’ವೆಂದರೆ ಆವಿಯೂ ಹೌದು, ಕಣ್ಣೀರೂ ಹೌದು. ಕನ್ನಡ ಓದುಗನಿಗೆ ಅದು ಪರಿಚಯವಾಗುವುದು ಆನಂದಬಾಷ್ಪದ ಮೂಲಕ. ಆವಿ, ಹಬೆ, ಉಗಿ ಎಂಬ ಮೂರು ಮಾತುಗಳು ಅಡಿಗೆಮನೆಯಲ್ಲೇ ಇರುವಾಗ ಕಣ್ಣೀರನ್ನು ಕರೆತರುವ ಅಗತ್ಯ ನನಗೆ ಕಾಣದು. ‘ಸಾಂದ್ರೀಕರಣ’ ಇನ್ನೂ ತೊಡಕಿನದು. ಅದೇ ಪುಸ್ತಕದ ಬೇರೊಂದು ಅಧ್ಯಾಯದಲ್ಲಿ ‘ಸಾಂದ್ರತೆ’ಯೆಂದರೆ ಒಂದಿಷ್ಟು ಜಾಗದಲ್ಲಿ ಎಷ್ಟು ತೂಕವಿದೆ ಎಂಬುದು, ‘ಸಾಂದ್ರ ಆಮ್ಲ’ವೆಂದರೆ ನೀರು ಕಡಮೆ ಬೆರೆತ ಆಮ್ಲ. ಆವಿ ಮರಳಿ ನೀರಾಗುವುದನ್ನೂ ಈ ಮನೆಗೇ ಸೇರಿಸಿದರೆ ಹುಡುಗರು ಯಾವ ಬಾಗಿಲು ತಟ್ಟಬೇಕು?

‘ಸಂತೃಪ್ತ’ದ ಮಾತು ಬೇರೆ. ಅದು ಸುಂದರವಾದ ಪದ, ಸುಂದರವಾಗಿಯೇ ದಾರಿ ತಪ್ಪಿಸುತ್ತದೆ. ಊಟಮಾಡಿ ಎಲೆಯ ಮುಂದೆ ಕೈ ಅಡ್ಡ ಹಿಡಿದವನು ಸಂತೃಪ್ತ. ಅವನಿಗೆ ಇನ್ನು ಬೇಡ. ಗಾಳಿ ಎಂಬ ಅತಿಥಿ ನೀರನ್ನು ಉಂಡು ಸಾಕೆನ್ನುತ್ತದೆ ಎಂಬ ಚಿತ್ರ ಇದರಿಂದ ಏಳುತ್ತದೆ. ಇದು ಕನ್ನಡದವರು ತಂದ ತಪ್ಪಲ್ಲ. ಹದಿನೆಂಟನೆಯ ಶತಮಾನದ ಯೂರೋಪಿನ ಪಂಡಿತರೂ ಸಕ್ಕರೆ ನೀರಿನಲ್ಲಿ ಕರಗುವಂತೆ ನೀರು ಗಾಳಿಯಲ್ಲಿ ಕರಗುತ್ತದೆಂದು ತಿಳಿದಿದ್ದರು. 1801ರ ಸುಮಾರಿಗೆ ಜಾನ್ ಡಾಲ್ಟನ್ ಅಳೆದು ತೋರಿಸಿದ: ಗಾಳಿ ಇದ್ದರೂ ಅಷ್ಟೇ, ಗಾಳಿಯನ್ನೆಲ್ಲ ತೆಗೆದ ಬರಿದಾದ ಜಾಗವಾದರೂ ಅಷ್ಟೇ, ಆವಿಯ ಒತ್ತಡವನ್ನು ನಿರ್ಣಯಿಸುವುದು ಉಷ್ಣತೆ. ಉಣ್ಣುವ ಅತಿಥಿಯೇ ಇಲ್ಲದ ಮೇಲೆ ತೃಪ್ತಿ ಯಾರಿಗೆ? ಆದರೂ ‘ಗಾಳಿ ನೀರನ್ನು ಹೀರಿಕೊಳ್ಳುತ್ತದೆ’ ಎಂಬ ಮಾತು ಇಂದಿಗೂ ನಮ್ಮ ಪುಸ್ತಕಗಳಲ್ಲಿಯೂ ಹವಾಮಾನದ ವರದಿಗಳಲ್ಲಿಯೂ ಸುಖವಾಗಿ ಬದುಕಿದೆ.

ಇವೆಲ್ಲ ಸಣ್ಣ ಸೆಣಸಾಟಗಳು. ದೊಡ್ಡ ತಂಟೆ ‘ಸಮತೋಲನ’ದ್ದು. ತೋಲನವೆಂದರೆ ತೂಗುವುದು. ಅಂಗಡಿಯ ತಕ್ಕಡಿಯಲ್ಲಿ ಒಂದು ಕಡೆ ಬೆಲ್ಲ, ಒಂದು ಕಡೆ ಕಲ್ಲು. ಮುಳ್ಳು ಅತ್ತಿತ್ತ ಆಡಿ ಕೊನೆಗೆ ನಿಲ್ಲುತ್ತದೆ. ನಿಂತಾಗಲೇ ಸಮತೋಲ. ಬೆಲ್ಲ ಕಲ್ಲಿನ ತಟ್ಟೆಗೆ ಹಾರುವುದಿಲ್ಲ, ಕಲ್ಲು ಬೆಲ್ಲದ ತಟ್ಟೆಗೆ ಬರುವುದಿಲ್ಲ. ನೀರು ಮತ್ತು ಆವಿಯ ವಿಷಯದಲ್ಲಿ ನಡೆಯುವುದು ಸರಿಯಾಗಿ ಇದಕ್ಕೆ ವಿರುದ್ಧ. ಇಂಗ್ಲಿಷಿನವರೂ ಲ್ಯಾಟಿನ್ನಿನ ತಕ್ಕಡಿಯನ್ನೇ ಎರವಲು ತಂದವರು, ಆದ್ದರಿಂದ ಅವರನ್ನು ನೋಡಿ ನಾವು ನಾಚಬೇಕಾದದ್ದಿಲ್ಲ. ಅವರು ತಪ್ಪನ್ನು ಕಂಡುಕೊಂಡು ಮುಂದೊಂದು ವಿಶೇಷಣ ಅಂಟಿಸಿದರು. ನಾವು ಅದನ್ನು ‘ಗತ್ಯಾತ್ಮಕ ಸಮತೋಲನ’ವೆಂದು ತಿರುಗಿಸಿಕೊಂಡೆವು. ಹರಿದ ಅಂಗಿಗೆ ತೇಪೆ ಹಾಕಿದಂತಾಯಿತು. ನಿಂತ ತಕ್ಕಡಿಯ ಹಣೆಗೆ ‘ಚಲಿಸುತ್ತಿದೆ’ ಎಂಬ ಚೀಟಿ ಅಂಟಿಸಿದರೆ ಹುಡುಗರು ಚೀಟಿಯನ್ನು ಪರೀಕ್ಷೆಗೆ ನೆನಪಿಟ್ಟುಕೊಳ್ಳುತ್ತಾರೆ, ಮನಸ್ಸಿನಲ್ಲಿ ತಕ್ಕಡಿಯನ್ನು ಉಳಿಸಿಕೊಳ್ಳುತ್ತಾರೆ.

ಈ ನೋಟವನ್ನು ಮೊದಲು ಸ್ಪಷ್ಟವಾಗಿ ಬರೆದವರಲ್ಲಿ ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್ ಮುಖ್ಯನಾದವನು. ಶಾಖವೆಂದು ನಾವು ಕರೆಯುವ ಚಲನೆಯ ಬಗೆಯನ್ನು ಕುರಿತು 1857ರಲ್ಲಿ ಅವನು ಪ್ರಕಟಿಸಿದ ಲೇಖನದಲ್ಲಿ ಇದು ಬರುತ್ತದೆ. ನನಗೆ ಅಲ್ಲಿ ಮೆಚ್ಚುಗೆಯಾಗುವುದು ಬರವಣಿಗೆಯ ಕ್ರಮ. ಅವನು ಮೊದಲು ಹೆಸರಿಟ್ಟು ಆಮೇಲೆ ವಿವರಿಸುವುದಿಲ್ಲ. ಅಣು ಹೇಗೆ ನೆರೆಯವರ ಹಿಡಿತದಿಂದ ಬಿಡಿಸಿಕೊಂಡು ಹೊರಬರುತ್ತದೆ, ಹೇಗೆ ಮತ್ತೆ ಸಿಕ್ಕಿಬೀಳುತ್ತದೆ ಎಂಬುದನ್ನು ಹೇಳುತ್ತಾನೆ. ಇದು ವಿಶ್ರಾಂತಿಯಲ್ಲ, ಎರಡು ಕೆಲಸಗಳು ಒಂದನ್ನೊಂದು ತುಂಬಿಕೊಡುವುದು ಎಂಬಲ್ಲಿಗೆ ಓದುಗನನ್ನು ತಂದುಬಿಡುತ್ತಾನೆ. ನಡೆಯುವುದನ್ನು ಕ್ರಿಯಾಪದದಿಂದ ಹೇಳಿದ್ದಾನೆ. ನಮ್ಮ ಟಿಪ್ಪಣಿಕಾರರು ಕ್ರಿಯಾಪದಗಳನ್ನೆಲ್ಲ ಹಿಂಡಿ ನಾಮಪದ ಮಾಡಿದರು. ಆವಿಯಾಗುತ್ತದೆ ಎಂಬುದು ಬಾಷ್ಪೀಭವನವಾಯಿತು, ನೀರಾಗುತ್ತದೆ ಎಂಬುದು ಸಾಂದ್ರೀಕರಣವಾಯಿತು. ಉಳಿದ ಒಂದೇ ಕ್ರಿಯಾಪದ ‘ಹೊಂದಿದೆ’. ಹೊಂದಿದೆ ಎಂದರೆ ಮುಗಿಯಿತು. ನಮ್ಮ ಹುಡುಗಿ ಆ ಒಂದು ಕ್ರಿಯಾಪದವನ್ನು ಸರಿಯಾಗಿಯೇ ಓದಿದ್ದಳು.

ಆ ದಿನ ಸಂಜೆ ತಂಗಿ ಹುಳುಮನೆಗೆ ಕರೆದಳು. ಎರಡನೆಯ ಜ್ವರ ಎದ್ದ ಹುಳು, ಸೊಪ್ಪಿಗೆ ಕಾದಿದ್ದವು. ಪೇಟೆಯ ಓದುಗರಿಗೆ ಹೇಳಬೇಕು: ಹುಳು ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ‘ಜ್ವರ’ವೆನ್ನುತ್ತಾರೆ. ಕೊಯ್ದ ಸೊಪ್ಪನ್ನು ಒಂದು ಮೂಲೆಯಲ್ಲಿ ರಾಶಿಹಾಕಿ ಒದ್ದೆ ಗೋಣಿ ಹೊದಿಸಿದ್ದರು. ಗೋಡೆಯಲ್ಲಿ ಜೋಡಿ ಥರ್ಮಾಮೀಟರು. ಒಂದರ ಬುಡ ಒಣಗಿದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ. ಎಳೆಯ ಹುಳುವಿಗೆ ಗಾಳಿಯಲ್ಲಿ ಶೇಕಡಾ 80ಕ್ಕೂ ಮಿಕ್ಕಿದ ತೇವ ಬೇಕು, ಬಲಿತ ಹುಳುವಿಗೆ 70ರ ಆಸುಪಾಸು ಸಾಕು. ಅದನ್ನು ನೋಡಿಕೊಳ್ಳಲು ಈ ಜೋಡಿ.

ನನ್ನ ಪಾಲಿಗೆ ಅದು ಪಾಠಶಾಲೆಯಾಯಿತು. ಒದ್ದೆ ಬತ್ತಿಯಿಂದ ನೀರು ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ, ಆದ್ದರಿಂದ ಆ ಥರ್ಮಾಮೀಟರು ಕೆಳಗೆ ತೋರಿಸುತ್ತದೆ. ಗಾಳಿಯಲ್ಲಿ ಆವಿ ಹೆಚ್ಚಿದಂತೆ ಬತ್ತಿಗೆ ಮರಳುವ ನೀರೂ ಹೆಚ್ಚಿ, ಮರಳುವಾಗ ಶಾಖವನ್ನೂ ಮರಳಿಸಿ, ಎರಡರ ಅಂತರ ಕುಗ್ಗುತ್ತದೆ. ಎರಡೂ ಒಂದೇ ಅಂಕಿ ತೋರಿಸಿದರೆ ಹೋದಷ್ಟು ಬರುತ್ತಿದೆ ಎಂದೇ ಅರ್ಥ. ಬತ್ತಿ ಆಗಲೂ ಒಣಗುವ ಕೆಲಸ ಬಿಟ್ಟಿಲ್ಲ, ಅದರ ಫಲ ಮಾತ್ರ ಕಾಣುತ್ತಿಲ್ಲ. ಹುಡುಗಿ ಇದನ್ನು ದಿನವೂ ನೋಡಿ ಅಂಕಿ ಬರೆದಿಡುತ್ತಾಳೆ. ಟಿಪ್ಪಣಿ ಪುಸ್ತಕದ ಸಮತೋಲನಕ್ಕೂ ಈ ಗೋಡೆಗೂ ಸಂಬಂಧವಿದೆಯೆಂದು ಆಕೆಗೆ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡುವ ಒಂದು ಮಾತೂ ಆ ಪುಸ್ತಕದಲ್ಲಿರಲಿಲ್ಲ.

ಹಳ್ಳಿಯವರಿಗೆ ಎಲ್ಲ ವಿಜ್ಞಾನವೂ ಗೊತ್ತು, ನಾವು ಕಲಿಯಬೇಕಾದದ್ದಷ್ಟೇ ಎಂದು ಬರೆಯುವ ಚಾಳಿ ಈಚೆಗೆ ಬೆಳೆದಿದೆ. ನಾನು ಆ ಪಂಗಡದವನಲ್ಲ. ಗೋಣಿ ಯಾಕೆಂದು ತಂಗಿಯನ್ನು ಕೇಳಿದರೆ, ‘ಎಲೆಗೆ ನೀರು ಕುಡಿಸ್ತದೆ’ ಎಂದಳು. ಅದು ಸರಿಯಲ್ಲ. ಕೊಯ್ದ ಎಲೆ ಗೋಣಿಯಿಂದ ನೀರು ಕುಡಿಯುವುದು ಅಷ್ಟಕ್ಕಷ್ಟೆ. ಗೋಣಿಯ ನೀರು ಆವಿಯಾಗಿ ರಾಶಿಯ ಸಂದಿಗಳನ್ನೆಲ್ಲ ತುಂಬುವುದರಿಂದ ಎಲೆಯಿಂದ ಹೋಗುವ ನೀರಿಗೂ ಅದಕ್ಕೆ ಮರಳುವ ನೀರಿಗೂ ಅಂತರ ಕಡಮೆಯಾಗಿ ಎಲೆ ಬಾಡುವುದು ತಡವಾಗುತ್ತದೆ. ಆದರೆ ಸೊಪ್ಪು ಹಾಕಿ ಮುಗಿಸಿ ಜಗಲಿಯಲ್ಲಿ ಕುಳಿತಾಗ, ‘ಈ ಕೆಲಸದಲ್ಲಿ ಏನಾದರೂ ಉಳಿಯುತ್ತದೆಯೇ?’ ಎಂದದ್ದಕ್ಕೆ ಅವಳು ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ‘ರಾಮನಗರದಲ್ಲಿ ಗೂಡು ಮಾರಿದ ದುಡ್ಡು ಬರ್ತದೆ. ಗೊಬ್ಬರಕ್ಕೆ, ಆಳಿಗೆ, ಮೊಟ್ಟೆಗೆ ಹೋಗ್ತದೆ. ಸರಿದೂಗ್ತಾ ಇದೆ, ಅಷ್ಟೆ.’

ಈ ಮಾತು ಕೇಳಿ, ತಂಗಿಯ ಮನೆಯಲ್ಲಿ ವ್ಯಾಪಾರ ನಿಂತುಹೋಗಿದೆಯೆಂದು ಯಾರಾದರೂ ತಿಳಿಯುತ್ತಾರೆಯೇ? ದುಡ್ಡು ಬರುತ್ತಿದೆ, ದುಡ್ಡು ಹೋಗುತ್ತಿದೆ, ಪೆಟ್ಟಿಗೆಯಲ್ಲಿರುವುದು ಮಾತ್ರ ಇದ್ದಷ್ಟೇ ಇದೆ. ಕ್ಲಾಸಿಯಸ್ ಒಂದು ಪುಟದಲ್ಲಿ ಹೇಳಿದ್ದು ಅದೇ. ತಮಾಷೆಯೆಂದರೆ ಸರಿದೂಗು ಎಂಬುದೂ ತಕ್ಕಡಿಯ ಮಾತೇ. ಸಮ ಎಂಬಲ್ಲಿ ಸರಿ, ತೋಲನವೆಂಬಲ್ಲಿ ತೂಗು. ಅಕ್ಷರಶಃ ಅದೇ ಪದ. ಆದರೆ ಜಮಾಖರ್ಚಿನ ಪುಸ್ತಕದಲ್ಲಿ ತಲೆಮಾರುಗಳು ಕಳೆದು ಅದು ತಕ್ಕಡಿಯನ್ನು ಮರೆತಿದೆ. ಅದಕ್ಕಿಂತ ಹೆಚ್ಚಿನ ಗುಣ, ಅದು ಕ್ರಿಯಾಪದ. ಕನ್ನಡದ ಕ್ರಿಯಾಪದಕ್ಕೆ ಕಾಲವನ್ನು ಹೇಳುವ ಬಾಲವಿದೆ. ಸರಿದೂಗಿದೆ ಎಂದರೆ ತಕ್ಕಡಿ ನಿಂತಿತು. ಸರಿದೂಗುತ್ತಿದೆ ಎಂದರೆ ನಿಂತಿಲ್ಲ, ನಡೆದೇ ಇದೆ. ಗತ್ಯಾತ್ಮಕವೆಂಬ ಭಾರದ ವಿಶೇಷಣ ಮಾಡಲಾರದ ಕೆಲಸವನ್ನು ‘ಉತ್ತ’ ಎಂಬ ಒಂದು ಪ್ರತ್ಯಯ ಮಾಡಿಬಿಡುತ್ತದೆ. ವ್ಯಾಕರಣದಲ್ಲಿಯೇ ಇದ್ದ ಉಪಕರಣವನ್ನು ಬಿಟ್ಟು ನಾವು ನಿಘಂಟಿನಲ್ಲಿ ಹುಡುಕುತ್ತಿದ್ದೆವು.

ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. ಪಾರಿಭಾಷಿಕ ಪದವೆಂದರೆ ಒಂದು ಮೊಳೆ. ಅದನ್ನು ಆಗಾಗ ಕಿತ್ತು ಬೇರೆ ಕಡೆ ಹೊಡೆಯಬಾರದು ಎನ್ನುವವರುಂಟು. ಒಪ್ಪತಕ್ಕ ಮಾತು. ಅಧ್ಯಾಯದ ತಲೆಯ ಮೇಲೆ ‘ಸಮತೋಲನ’ ಇದ್ದುಕೊಳ್ಳಲಿ. ನಾನು ಅಚ್ಚಗನ್ನಡದ ಹಟ ಹಿಡಿದವನಲ್ಲ. ಹಟದಿಂದ ಆಗುವ ಅನರ್ಥ ಎರಡೂ ಕಡೆ ಉಂಟು. ‘ಬಟ್ಟಿ ಇಳಿಸುವುದು’ ಎಂಬ ಒಳ್ಳೆಯ ಮಾತಿಗೆ ಸಾರಾಯಿಯ ವಾಸನೆ ಬಡಿದಿದೆಯೆಂದು ಕೆಲವರು ‘ಆಸವನ’ವೆಂದು ಬರೆದರು. ಪಂಡಿತರ ಅಂಗಡಿಯ ದ್ರಾಕ್ಷಾಸವವನ್ನು ಹುದುಗಿಸಿ ಮಾಡುತ್ತಾರೆಯೇ ಹೊರತು ಬಟ್ಟಿ ಇಳಿಸಿ ಅಲ್ಲ. ಸಾರಾಯಿಗೆ ಹೆದರಿ ಓಡಿದವರು ಇನ್ನೊಂದು ಮದ್ಯದ ಗಡಿಗೆಯಲ್ಲಿ ಬಿದ್ದರು. 1916ರಿಂದ ಮೈಸೂರು ಸಂಸ್ಥಾನದಲ್ಲಿ ಗಂಧದೆಣ್ಣೆಯನ್ನು ಬಟ್ಟಿಯಿಂದಲೇ ಇಳಿಸಿದ್ದು. ತಾನಾಗಿ ಕುದಿಯಬೇಕಾದರೆ 300 ಡಿಗ್ರಿಯ ಸಮೀಪಕ್ಕೆ ಹೋಗಬೇಕಾದ ಆ ಎಣ್ಣೆ, ನೀರಿನ ಹಬೆಯ ಆವಿಯೊತ್ತಡಕ್ಕೆ ತನ್ನ ಪುಟ್ಟ ಪಾಲನ್ನೂ ಸೇರಿಸಿ, ಅದರ ಜೊತೆಯಲ್ಲಿ ಎಷ್ಟೋ ಕಡಮೆ ಶಾಖದಲ್ಲಿ ಹೊರಬರುತ್ತದೆ. ಆ ಮಾತಿಗೆ ಗಂಧದ ವಾಸನೆಯೂ ಇದೆಯೆಂಬುದು ನಮಗೆ ನೆನಪಾಗಲಿಲ್ಲ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು. ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯುವ ಹುಡುಗಿಗೆ ಕನ್ನಡದ ವಾಕ್ಯ ಹೇಗಿದ್ದರೇನು? ನನ್ನ ಉತ್ತರ ಇದು: ಅದರಿಂದಲೇ ಅದರ ಹೊಣೆ ದೊಡ್ಡದು. ಅಂಕಕ್ಕಾಗಿ ಓದುವ ವಾಕ್ಯ ಬೇರೆ ಭಾಷೆಯಲ್ಲಿದೆ. ಕನ್ನಡದ ಪುಸ್ತಕವನ್ನು ಆಕೆ ತೆರೆಯುವುದು ತಿಳಿಯಲಿಕ್ಕಾಗಿ ಮಾತ್ರ. ಅಲ್ಲಿಯೂ ಪರೀಕ್ಷೆಯ ಭಾಷೆಯದೇ ಮರಗಟ್ಟಿದ ನೆರಳು ಸಿಕ್ಕಿದರೆ ತಿಳಿಯುವುದಕ್ಕೆ ಆಕೆಗೆ ಯಾವ ಜಾಗವೂ ಉಳಿಯುವುದಿಲ್ಲ. 1978ರಲ್ಲಿ ‘ಬಾಲ ವಿಜ್ಞಾನ’ ಶುರುವಾದಾಗ ಅದನ್ನು ನಡೆಸಿದವರು, ಅವರಲ್ಲಿ ರಸಾಯನಶಾಸ್ತ್ರದ ಮೇಷ್ಟರಾಗಿದ್ದ ಜೆ. ಆರ್. ಲಕ್ಷ್ಮಣರಾಯರೂ ಒಬ್ಬರು, ಹಳ್ಳಿಯ ಹುಡುಗರನ್ನು ಕಣ್ಣ ಮುಂದಿಟ್ಟುಕೊಂಡು ಬರೆದರು. ಆ ಎಚ್ಚರ ಟಿಪ್ಪಣಿ ಪುಸ್ತಕಗಳಿಗೆ ಇಳಿದು ಬಂದಿಲ್ಲ.

ಟೀಕೆ ಮಾಡುವವನು ತಾನೂ ಕೈ ಕೆಸರು ಮಾಡಿಕೊಳ್ಳಬೇಕು. ಆ ರಾತ್ರಿ ಹುಡುಗಿಯ ನೋಟು ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನು ಹೀಗೆ ಬರೆದುಕೊಟ್ಟೆ:

‘ಒಂದು ಬಾಟಲಿಗೆ ಅರ್ಧ ನೀರು ತುಂಬಿ ಬಿರಡೆ ಹಾಕು. ನೀರಿನಿಂದ ಅಣುಗಳು ಹೊರಡುತ್ತಿವೆ. ಮೊದಮೊದಲು ಹೋಗುವುದೇ ಹೆಚ್ಚು, ಮರಳುವುದು ಕಡಮೆ. ಮೇಲಿನ ಜಾಗದಲ್ಲಿ ಆವಿ ಬೆಳೆಯುತ್ತದೆ. ಆವಿ ಬೆಳೆದಂತೆ ಮರಳುವವೂ ಬೆಳೆಯುತ್ತವೆ. ಹೋಗುವುದೂ ಬರುವುದೂ ಸರಿದೂಗುತ್ತಿರುವಾಗ ಆವಿ ಹೆಚ್ಚುವುದಿಲ್ಲ, ನೀರು ಇಳಿಯುವುದಿಲ್ಲ. ಆದರೆ ಸೆಕೆಂಡಿಗೆ ಒಂದೊಂದು ಚದರ ಸೆಂಟಿಮೀಟರಿಗೆ ಒಂದರ ಮುಂದೆ 22 ಸೊನ್ನೆಯಷ್ಟು ಅಣುಗಳು ಬಡಿಯುತ್ತಲೇ ಇವೆ. ಬಾಟಲಿಯನ್ನು ಬಿಸಿಲಿಗಿಟ್ಟರೆ ಹೋಗುವವು ಹೆಚ್ಚುತ್ತವೆ, ಲೆಕ್ಕ ತಪ್ಪುತ್ತದೆ, ಆವಿ ಮತ್ತಷ್ಟು ಬೆಳೆದ ಮೇಲೆ ಪುನಃ ಸರಿದೂಗತೊಡಗುತ್ತದೆ. ಬಿರಡೆ ತೆಗೆದರೆ ಹೋದವು ಮರಳುವುದಿಲ್ಲ, ನೀರು ಆರುತ್ತದೆ. ಬೆಳಗಿನ ಜಾವ ತಂಪಾದ ಸೊಪ್ಪಿನ ಮೇಲೆ ಹೋಗುವುದಕ್ಕಿಂತ ಬರುವುದು ಹೆಚ್ಚು, ಅದು ಇಬ್ಬನಿ.’

ಕುದಿಯುವುದನ್ನೂ ಸೇರಿಸಬೇಕೆಂದಿದ್ದೆ. ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ. ಸಮುದ್ರದಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಅದು 97 ಡಿಗ್ರಿಯ ಹತ್ತಿರವೇ ಆಗಿಬಿಡುತ್ತದೆ. 100 ಡಿಗ್ರಿಯೆಂದು ಬಾಯಿಪಾಠ ಮಾಡಿದ ನಾವು ನಮ್ಮ ಒಲೆಯನ್ನೇ ನೋಡಿದವರಲ್ಲ. ಹಾಳೆಯಲ್ಲಿ ಜಾಗ ಸಾಲದೆ ಬಿಟ್ಟೆ.

ಬೆಳಗ್ಗೆ ಹುಡುಗಿ ಹಾಳೆಯನ್ನು ಹಿಡಿದು ಬಂದಳು. ಅರ್ಥವಾಯಿತೆಂದಳು. ಒದ್ದೆ ಬತ್ತಿಯ ಮಾತನ್ನು ಅವಳೇ ಎತ್ತಿದಳು, ನನಗೆ ಸಂತೋಷವಾಯಿತು. ಆಮೇಲೆ ಸೊನ್ನೆಗಳ ಮೇಲೆ ಬೆರಳಿಟ್ಟು, ‘ಇದನ್ನು ಎಣಿಸಿದವರು ಯಾರು ಮಾವ?’ ಎಂದು ಕೇಳಿದಳು.

ಯಾರೂ ಎಣಿಸಿಲ್ಲ, ಆವಿಯ ಒತ್ತಡವನ್ನು ಅಳೆದು, ಅಣುವಿನ ತೂಕವನ್ನೂ ಉಷ್ಣತೆಯನ್ನೂ ಸೇರಿಸಿ ಲೆಕ್ಕ ಹಾಕಿದ್ದು ಎಂದೆ.

‘ಹಾಗಾದರೆ ಅದನ್ನೂ ಬರೆಯಬೇಕಾಗಿತ್ತು’ ಎಂದು ಪೆನ್ನನ್ನು ನನ್ನ ಕೈಗೆ ಕೊಟ್ಟಳು.